ಸೋಪಿಲ್ಲದ ನೀರು

ಮಾವ ತಿಜಾನಿ ಮನೆಮುಂದಿನ ಸಿಮೆಂಟು ಒಡೆಯಲು ಶುರುಮಾಡಿದಾಗ ನಝೀಹಾ ಒಳಗೆ ಹಿಟ್ಟು ನಾದುತ್ತಿದ್ದಳು. ಮೊದಲ ಪೆಟ್ಟಿಗೆ ಪಕ್ಕದ ಮನೆಯ ಗೋಡೆಯೇ ಬಿತ್ತೇನೋ ಅಂದುಕೊಂಡಳು. ಎರಡನೆಯ ಪೆಟ್ಟಿನ ಹಿಂದೆಯೇ ಗಂಡ ರವೂಫನ ಕೂಗು ಕೇಳಿಸಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ತಲೆ ಸರಿ ಇದೆಯಾ ಬಾಬಾ ನಿಂಗೆ? ದುಡ್ಡು ಕೊಟ್ಟು ಹಾಕಿಸಿದ ಸಿಮೆಂಟು ಅದು!"

"ಮರದ ಕುತ್ತಿಗೆಗೆ ಹಾಕಿಸಿದೆ. ಬಿಡಿಸ್ತಾ ಇದೀನಿ."

"ಅದರ ಮೇಲೆ ನನ್ನ ಮೇಜು ಕೂರುತ್ತೆ. ಗಿರಾಕಿಗಳು ಎಲ್ಲಿ ಕೂರ್ಬೇಕು, ನಿನ್ನ ತೊಡೆ ಮೇಲಾ?"

"ನಿಂತು ತಿನ್ನಲಿ. ಹೊಟ್ಟೆ ಕರಗುತ್ತೆ."

ಎದುರಿನ ಕ್ಷೌರದಂಗಡಿಯಲ್ಲಿ ಕೂತವರು ಗೊಳ್ಳೆಂದು ನಕ್ಕರು. ರವೂಫ್ ಮುಖ ಕೆಂಪು ಮಾಡಿಕೊಂಡು ಅಂಗಡಿಯೊಳಗೆ ಹೋಗಿ ಬಾಣಲೆಯನ್ನು ಒಲೆಯ ಮೇಲೆ ಕುಕ್ಕಿದ. ನಝೀಹಾಳಿಗೆ ಗಂಡನ ಕಡೆ ನೋಡುವುದೋ ಮಾವನ ಕಡೆ ನೋಡುವುದೋ ತಿಳಿಯಲಿಲ್ಲ. ಆದರೆ ಒಳಗೊಳಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಅತ್ತೆ ಶಾದ್ಲಿಯಾ ತೀರಿಕೊಂಡಾಗಿನಿಂದ ಈ ಮನುಷ್ಯ ಟೀವಿಯ ದನಿ ತೆಗೆದು ಬರೀ ಚಿತ್ರ ನೋಡುತ್ತ ಕೂತಿರುತ್ತಿದ್ದ. ಇವತ್ತು ಎದ್ದು ಸುತ್ತಿಗೆ ಹಿಡಿದಿದ್ದಾನೆ, ಜಗಳವಾಡುತ್ತಿದ್ದಾನೆ. ಜಗಳವಾಡುವ ಮುದುಕ ಬದುಕುತ್ತಾನೆ ಎಂದು ಅವಳಿಗೆ ಧೈರ್ಯ ಬಂತು.

ತ್ಯೂನಿಸ್ ನಗರದ ಬಾಬ್ ಸಾದೂನ್ ಕೋಟೆಬಾಗಿಲ ಹಿಂದಿನ ಆ ಓಣಿಯಲ್ಲಿ ಎಲ್ಲರ ಮನೆಮುಂದೆಯೂ ಕಹಿಕಿತ್ತಳೆ ಮರಗಳಿದ್ದವು. ಇದ್ದವು ಅನ್ನುವುದಷ್ಟೇ. ಒಂದಕ್ಕೆ ಸ್ಕೂಟರು ಕಟ್ಟಿದ ಸರಪಳಿ, ಇನ್ನೊಂದಕ್ಕೆ ಕರೆಂಟಿನ ತಂತಿ, ಮತ್ತೊಂದರ ಬುಡದಲ್ಲಿ ಕಸದ ಚೀಲಗಳು. ತಿಜಾನಿಯ ಮನೆಮುಂದೆ ಮೂರು ಮರ. ಬೀದಿಗಿದ್ದ ಕೋಣೆಯನ್ನು ರವೂಫ್ ಅಂಗಡಿ ಮಾಡಿ, ಟ್ಯೂನಾ ಮೀನು, ಆಲೂಗಡ್ಡೆ, ಹರಿಸ್ಸಾ ಖಾರ ತುಂಬಿದ ಕರಿದ ಬನ್ನು ಮಾರಲು ಕೂತಾಗ, ಮೂರಕ್ಕೂ ಕಾಂಡದವರೆಗೆ ಸಿಮೆಂಟು ಬಳಿಸಿದ್ದ. ಅಂದಿನಿಂದ ಅವು ಹೂ ಬಿಟ್ಟಿರಲಿಲ್ಲ. ಅದಕ್ಕೂ ಮುಂಚೆ ಶಾದ್ಲಿಯಾ ಪ್ರತಿ ವಸಂತದಲ್ಲಿ ಬುಡಕ್ಕೆ ಬಿಳಿ ದುಪ್ಪಟಿ ಹಾಸಿ ಹೂ ಉದುರಿಸಿ, ತಾಮ್ರದ ಭಟ್ಟಿಪಾತ್ರೆಯಲ್ಲಿ ಹೂನೀರು ಇಳಿಸುತ್ತಿದ್ದಳು. ಕಾಫಿಗೆ, ಸಿಹಿತಿಂಡಿಗೆ, ಮಕ್ಕಳ ಜ್ವರದ ಹಣೆಗೆ, ಎಲ್ಲಕ್ಕೂ ಅದೇ ನೀರು. ಕೊನೆಯ ಕಾಯಿಲೆಯಲ್ಲಿ ಅವಳು ಅದನ್ನೇ ಕೇಳಿದ್ದಳು. ರವೂಫ್ ಅಂಗಡಿಯಿಂದ ಬಾಟಲಿ ತಂದ. ಮೂಸಿ ನೋಡಿ, "ಇದು ಸೆಂಟು," ಎಂದು ಮುಖ ತಿರುಗಿಸಿದ್ದಳು.

ಆ ಮಾತು ತಿಜಾನಿಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಸಿಮೆಂಟು ಹೋದ ಮೇಲೆ ಅವನು ಮರಗಳ ಸುತ್ತ ಮೊಣಕೈ ಆಳ ಅಗೆದ. ಕೆಳಗಿದ್ದ ಇಟ್ಟಿಗೆ ಚೂರು, ಗಾಜು, ಪ್ಲಾಸ್ಟಿಕ್ಕು ಎಲ್ಲ ಆರಿಸಿ ತೆಗೆದ. ಕುದುರೆಲಾಯದಿಂದ ಗೊಬ್ಬರ ಹೊತ್ತು ತಂದ. ನೀರು ಹರಿದು ಹೋಗದೆ ನಿಲ್ಲುವಂತೆ ಅಂಚಿಗೆ ಬದು ಕಟ್ಟಿದ. ಆದರೆ ನೀರೆಲ್ಲಿ? ಮಳೆಯಿಲ್ಲದ ವರ್ಷ, ಕತ್ತಲಾದರೆ ನಲ್ಲಿ ಕಟ್ಟು, ಹಗಲು ಗಿಡಕ್ಕೆ ನಲ್ಲಿ ನೀರು ಹಾಕಬಾರದೆಂಬ ಸರ್ಕಾರದ ಆಜ್ಞೆ ಬೇರೆ. ಹಾಗಾಗಿ ಅಡುಗೆಮನೆಯಲ್ಲಿ ಮೂರು ಬಕೆಟ್ಟುಗಳು ಬಂದು ಕೂತವು.

"ಕೇಳ್ಸಿಕೊಳ್ಳಿ ಎಲ್ಲಾ," ಎಂದ ತಿಜಾನಿ ಊಟಕ್ಕೆ ಕೂತಾಗ. "ಸೋಪು ಇರಬಾರದು, ಎಣ್ಣೆ ಇರಬಾರದು. ಮಿಕ್ಕಿದ್ದು ಒಂದು ತೊಟ್ಟು ನೀರೂ ಮೋರಿಗೆ ಹೋಗಬಾರದು."

ಮೊಮ್ಮಗಳು ಓಲ್ಫಾ ಹದಿನಾಲ್ಕರ ಹುಡುಗಿ, ಬಾಯಿ ಮಾತ್ರ ನಲವತ್ತರದ್ದು. "ಮಕರೋನಿ ಬೇಯಿಸಿದ ನೀರು ತಾತ?"

"ಆರಿಸಿ ಹಾಕು."

"ನಾನು ಅತ್ತ ಕಣ್ಣೀರು?"

"ಅದಕ್ಕೆ ಬೇರೆ ಬಕೆಟ್ ಇಡೋಣ. ನಿಮ್ಮಪ್ಪನ ಅಂಗಡಿಯಲ್ಲಿ ಈರುಳ್ಳಿ ಹೆಚ್ಚು ಹೋಗು."

ಓಲ್ಫಾ ನಕ್ಕಳು. ರವೂಫ್ ನಗಲಿಲ್ಲ. ಮರುದಿನ ನಸುಕಿನಲ್ಲಿ ಅವನು ಬಕೆಟ್ಟಿಗೆ ಎಡವಿ ಅಡುಗೆಮನೆಯೆಲ್ಲ ಕೆರೆಯಾಯಿತು. "ಮನೆ ಇದು, ಬಚ್ಚಲಲ್ಲ!" ಎಂದು ಕೂಗಾಡಿದ. ನಝೀಹಾ ಬಟ್ಟೆ ತಂದು ಒರೆಸಿ, ಹಿಂಡಿದ ನೀರನ್ನು ಮತ್ತೆ ಬಕೆಟ್ಟಿಗೇ ಬಿಟ್ಟಳು. ಅದನ್ನು ನೋಡಿ ರವೂಫ್, "ನೀನೂ ಸೇರ್ಕೊಂಡೆಯಾ?" ಎಂದ.

"ಅವರಿಗೆ ಒಂದು ಕೆಲಸ ಸಿಕ್ಕಿದೆ. ಬಿಡು ರವೂಫ್."

"ಕೆಲಸ ಅವರಿಗೆ. ಕುರ್ಚಿ ಹೋಗಿದ್ದು ನಂಗೆ."

ಮಾರ್ಚ್ ಕೊನೆಯಲ್ಲಿ ಮರಗಳು ಹೂಬಿಟ್ಟವು. ತುಂಬ ಏನಲ್ಲ, ಆದರೂ ಬಿಟ್ಟವು. ಓಣಿಗೆ ಓಣಿಯೇ ತಲೆಯೆತ್ತಿ ಮೂಸಿತು. ಪಕ್ಕದ ಮನೆಯ ಮಹ್ಬೂಬಾ, ಶಾದ್ಲಿಯಾಳ ವಾರಿಗೆಯವಳು, ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. ನಝೀಹಾ ಅಟ್ಟದಿಂದ ಭಟ್ಟಿಪಾತ್ರೆ ಇಳಿಸಿ, ನಿಂಬೆಹಣ್ಣು ಮತ್ತು ಬೂದಿ ಹಾಕಿ ತಿಕ್ಕಿದಳು. ಮಾವ ಉರಿ ನೋಡಿಕೊಂಡ, ಇವಳು ಹಬೆ ತಣಿಸಲು ಮೇಲಿಟ್ಟ ನೀರನ್ನು ಬದಲಿಸುತ್ತಿದ್ದಳು. ಸಂಜೆಗೆ ಇಳಿದದ್ದು ಒಂದೇ ಸೀಸೆ. ತಿಜಾನಿ ರವೂಫನ ಕಾಫಿಗೆ ತಾನೇ ಎರಡು ತೊಟ್ಟು ಬಿಟ್ಟ. ರವೂಫ್ ಕುಡಿದು, ಖಾಲಿ ಲೋಟವನ್ನು ಮತ್ತೆ ಮೂಗಿನ ಬಳಿ ಹಿಡಿದ.

"ಅಮ್ಮನ ಕೈ ವಾಸನೆ," ಎಂದ ಆಮೇಲೆ.

"ಮುಂದಿನ ವರ್ಷ ನೋಡ್ತಿರು. ಓಣಿಯ ಪ್ರತಿ ಮನೆಗೂ ಒಂದೊಂದು ಸೀಸೆ," ಎಂದ ತಿಜಾನಿ. ಅಪ್ಪ ಮಗ ಒಂದೇ ಮಾತಿಗೆ ತಲೆಯಾಡಿಸಿದ್ದನ್ನು ನಝೀಹಾ ಎಷ್ಟೋ ವರ್ಷದ ಮೇಲೆ ಕಂಡಳು. ಆ ಸೀಸೆಯನ್ನು ಅವಳು ಬಟ್ಟೆಗಳ ನಡುವೆ ಬೀರುವಿನಲ್ಲಿಟ್ಟಳು.

ಆದರೆ ಹೂವಿನ ಅಮಲು ಎಷ್ಟು ದಿನ? ಕ್ಷೌರದವನೂ ತನ್ನ ಮರದ ಸಿಮೆಂಟು ಒಡೆದ, ಮಹ್ಬೂಬಾಳ ಅಳಿಯನೂ ಒಡೆದ. ತಿಜಾನಿ ಓಣಿಗೆಲ್ಲ ಮೇಸ್ತ್ರಿಯಾದ. ಇತ್ತ ಬಿಸಿಲು ಏರಿತು, ಕೂರಲು ಜಾಗವಿಲ್ಲದ ಗಿರಾಕಿಗಳು ಮುಂದಿನ ತಿರುವಿನ ಅಂಗಡಿಗೆ ಹೋದರು. ಒಂದು ದಿನ ಒಬ್ಬ ಗಿರಾಕಿಯ ಕಾಲು ಗುಂಡಿಗೆ ಜಾರಿ, ತಟ್ಟೆಯೂ ಹೋಯಿತು, ಅವನ ಪ್ಯಾಂಟೂ ಹೋಯಿತು. ರವೂಫನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಒಂದಲ್ಲ ಒಂದಿನ ಈ ಮರಗಳ ಬುಡಕ್ಕೆ ಒಂದು ಡಬ್ಬ ಬ್ಲೀಚ್ ಸುರಿದು ಕೈ ತೊಳ್ಕೋತೀನಿ! ನೋಡ್ತಾ ಇರಿ ಎಲ್ಲಾ!" ಎಂದು ನಡುಬೀದಿಯಲ್ಲಿ ನಿಂತು ಅರಚಿದ.

ಎಲ್ಲರೂ ಕೇಳಿಸಿಕೊಂಡರು. ತಿಜಾನಿಯೂ ಕೇಳಿಸಿಕೊಂಡ.

ಜೂನ್ ತಿಂಗಳಲ್ಲಿ ದೊಡ್ಡ ಹಬ್ಬ ಬಂತು. ಟಗರು ಕೊಯ್ದದ್ದಾಯಿತು, ಅದರ ಈಲಿ ಸುಟ್ಟು ತಿಂದದ್ದಾಯಿತು, ಮಾಂಸ ಹಂಚಿದ್ದಾಯಿತು. ಅಷ್ಟರಲ್ಲಿ ಬೇಜಾ ಊರಿಂದ ಫೋನು, ತಿಜಾನಿಯ ಅಕ್ಕ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆಂದು. ಅವನು ಚೀಲ ಹೆಗಲಿಗೆ ಹಾಕಿ, ಬಾಗಿಲಲ್ಲಿ ಸೊಸೆಯನ್ನು ಕರೆದ.

"ಮಗಳೇ, ಮರ ನಿನ್ನ ಕೈಲಿದೆ. ಅವನ ಕೈಗೆ ಕೊಡಬೇಡ."

"ನೀವು ನಿಶ್ಚಿಂತೆಯಾಗಿ ಹೋಗಿ ಬನ್ನಿ ಬಾಬಾ. ನೀವು ಬರೋ ಹೊತ್ತಿಗೆ ಮಣ್ಣು ಒದ್ದೆಯಾಗಿರುತ್ತೆ."

ಹಬ್ಬದ ಟಗರಿನ ತೊಗಲು ಎಸೆಯುವ ಮನೆ ಆ ಓಣಿಯಲ್ಲಿ ಇರಲಿಲ್ಲ. ಉಣ್ಣೆ ಸಮೇತ ಹದ ಮಾಡಿ ಚಳಿಗಾಲಕ್ಕೆ ನೆಲದ ಮೇಲೆ ಹಾಸಿಕೊಳ್ಳಬೇಕು. ಆ ಕೆಲಸಕ್ಕೆ ಎಲ್ಲರೂ ಶಾದ್ಲಿಯಾಳ ಮನೆಗೇ ತೊಗಲು ತಂದು ಹಾಕುತ್ತಿದ್ದರು. ಈಗ ನಝೀಹಾಳ ಸರದಿ. ಬಂದ ತೊಗಲುಗಳನ್ನೆಲ್ಲ ತಾರಸಿಯ ಮೇಲೆ ಬಿಡಿಸಿ, ಒಳಮೈಗೆ ಹರಳುಪ್ಪು ಬೊಗಸೆ ಬೊಗಸೆ ಸುರಿದು, ಪಟಿಕ ತಿಕ್ಕಿ, ಒಂದರ ಮೇಲೊಂದು ಮಡಿಸಿಟ್ಟಳು. ನೀರೆಲ್ಲ ಬಿಟ್ಟುಕೊಂಡ ಮೇಲೆ ಕೆಳಗಿಳಿಸಿ, ಮನೆಮುಂದೆ ದೊಡ್ಡ ತೊಟ್ಟಿಗಳಲ್ಲಿ ನೆನೆಹಾಕಿ ಜಾಲಾಡಿದಳು. ಮಹ್ಬೂಬಾ ತೋಳು ಮಡಿಸಿ ಜೊತೆಗೆ ಕೂತಳು.

ಶಾದ್ಲಿಯಾಳ ಕೊನೆಯ ವರ್ಷಗಳಲ್ಲಿ ಈ ತೊಟ್ಟಿಗಳನ್ನು ಸಿಮೆಂಟಿನ ಮೇಲೆ ಬಗ್ಗಿಸಿದರೆ ನೀರು ಹರಿದು ಮೋರಿ ಸೇರುತ್ತಿತ್ತು. ಮೊದಲ ತೊಟ್ಟಿ ಬಗ್ಗಿಸಲು ಹೋದ ನಝೀಹಾಳ ಕೈಯನ್ನು ಮಹ್ಬೂಬಾ ಹಿಡಿದಳು.

"ಇಷ್ಟೊಂದು ನೀರು ಮೋರಿಗಾ? ನಿನ್ನ ಮಾವ ನೋಡಿದ್ರೆ ಎದೆ ಎದೆ ಬಡ್ಕೋತಾರೆ ಕಣೇ."

"ಸೋಪು ಹಾಕಿಲ್ಲ ಅಲ್ವಾ ಚಿಕ್ಕಮ್ಮ ಇನ್ನೂ?"

"ಎಲ್ಲಿ ಸೋಪು? ಇದು ಮೊದಲನೇ ಜಾಲು."

"ಹಾಗಾದ್ರೆ ಸುರಿ. ಮೂರಕ್ಕೂ ಸಮ ಸಮ."

ಸೋಪು ಹಾಕಿ ತೊಳೆದ ನೀರನ್ನು ಮಾತ್ರ ನಝೀಹಾ ಒಂದು ತೊಟ್ಟೂ ತಾಕದಂತೆ ದೂರದ ಮೋರಿಗೆ ಹೊತ್ತು ಹಾಕಿ ಬಂದಳು. ಸೊಂಟ ಬಿದ್ದುಹೋಯಿತು. ಆದರೂ ಸಂಜೆ ಬದುವಿನೊಳಗೆ ಮಣ್ಣು ಕಪ್ಪಗೆ ಒದ್ದೆಯಾಗಿ ಕೂತದ್ದನ್ನು ಕಂಡು ಹೆಮ್ಮೆಯಾಯಿತು. ಇಡೀ ಬೇಸಿಗೆಯಲ್ಲಿ ಮರಗಳಿಗೆ ಅಷ್ಟು ನೀರು ಸಿಕ್ಕಿದ್ದು ಅದೇ ಮೊದಲು.

ತಿಜಾನಿ ಬೇಜಾದಿಂದ ಬಂದವನು ಚೀಲ ಇಳಿಸುವ ಮುಂಚೆ ಮಣ್ಣು ಮುಟ್ಟಿ ನೋಡಿದ. "ಶಭಾಷ್ ಮಗಳೇ," ಎಂದ. ಅಷ್ಟು ಮಾತು ಅವನ ಬಾಯಿಂದ ಬರುವುದೇ ಅಪರೂಪ.

ಎಲೆಗಳ ಅಂಚು ಕಂದಿದ್ದು ಆ ಮುಂದಿನ ವಾರ. ಬಿಸಿಲಿಗೆ ಇರಬೇಕು ಎಂದುಕೊಂಡರು. ಆಮೇಲೆ ಅಂಚಿನ ಕಂದು ನಡುವಿಗೆ ಬಂತು, ಎಲೆಗಳು ಸುಟ್ಟ ಕಾಗದದಂತೆ ಸುರುಳಿಯಾಗಿ ಉದುರಿದವು. ಬೀದಿಯ ಬೇರೆ ಮರಗಳೆಲ್ಲ ಧೂಳು ಹಿಡಿದು ಹಸಿರಾಗಿಯೇ ಇದ್ದವು. ಇವು ಮೂರು ಮಾತ್ರ. ತಿಜಾನಿ ಊಟ ಬಿಟ್ಟ. ಕುಡಿಯಲು ಇಟ್ಟ ನೀರನ್ನೂ ಒಯ್ದು ಹಾಕಿದ. ಒಂದು ಮಧ್ಯಾಹ್ನ ಮಕರೋನಿ ತಟ್ಟೆಯ ಮುಂದೆ ಕೂತವನು ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದ.

"ಎಷ್ಟು ಹಾಕಿದೆ?" ಎಂದು ಮಗನನ್ನು ಕೇಳಿದ.

"ಏನನ್ನ?"

"ಬ್ಲೀಚು. ಒಂದು ಡಬ್ಬ ಅಂದಿದ್ದೆ. ಒಂದೇನಾ, ಮೂರಾ?"

ರವೂಫ್ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದ. "ಬಾಬಾ, ಸಿಟ್ಟಲ್ಲಿ ಅಂದ ಮಾತು ಅದು."

"ನಾನು ಊರಲ್ಲಿ ಇಲ್ದಾಗ ನೋಡ್ಕೊಂಡು ಹಾಕಿದೀಯ."

"ಅಮ್ಮನ ಗೋರಿ ಆಣೆ, ನಾನು..."

"ಅವಳ ಹೆಸರು ಎತ್ತಿದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ! ಅವಳು ಸಾಯೋವಾಗ ಒಂದು ತೊಟ್ಟು ಹೂನೀರು ಸಿಗದ ಹಾಗೆ ಮಾಡಿದವನು ನೀನು. ಈಗ ಅವಳ ಮರವನ್ನೂ ಕೊಂದೆ. ಈ ಮನೆ ನನ್ನದು. ತಿಂಗಳು ಮುಗಿಯೋದರೊಳಗೆ ಅಂಗಡಿ ಖಾಲಿ ಮಾಡು, ಮನೇನೂ ಖಾಲಿ ಮಾಡು."

"ತಾತ!" ಎಂದಳು ಓಲ್ಫಾ.

"ನೀನು ಇರು. ನಿಮ್ಮಮ್ಮನೂ ಇರಲಿ. ಅವನು ಹೋಗಲಿ."

ರವೂಫ್ ಎದ್ದ. ಕೈ ತೊಳೆಯಲಿಲ್ಲ, ಬೈಯಲಿಲ್ಲ. ಅರ್ಧ ಉಳಿದ ಅವನ ತಟ್ಟೆಯನ್ನು ನಝೀಹಾ ಎತ್ತಿಟ್ಟಳು. ಆ ರಾತ್ರಿ ಅವನು ಒಂದೇ ಮಾತು ಕೇಳಿದ, "ನೀನೂ ನಾನೇ ಅಂದ್ಕೊಂಡಿದೀಯಾ?" ಅವಳು ಇಲ್ಲವೆಂದಳು. ಹೇಳುವುದಕ್ಕೆ ಸ್ವಲ್ಪ ತಡವಾಯಿತು, ಅದು ಅವನಿಗೂ ಗೊತ್ತಾಯಿತು.

ಮುಂದಿನ ವಾರಗಳಲ್ಲಿ ಮನೆಯಲ್ಲಿ ಎರಡು ಪಂಕ್ತಿಯ ಊಟ. ಮಾವ ಬೇಗ, ಗಂಡ ತಡವಾಗಿ. ಉಪ್ಪು ಬೇಕಾದರೂ ಒಬ್ಬರಿಗೊಬ್ಬರು ಓಲ್ಫಾಳ ಮೂಲಕ ಕೇಳಿಸುತ್ತಿದ್ದರು. ಕೊನೆಗೆ ಅವಳೂ, "ನಾನೇನು ಪೋಸ್ಟ್‌ಮ್ಯಾನಾ?" ಎಂದು ತಟ್ಟೆ ಕುಕ್ಕಿ ಎದ್ದುಹೋದಳು. ರವೂಫ್ ಊರಾಚೆ ಎರಡು ಕೋಣೆಯ ಮನೆ ನೋಡಿ ಬಂದ. ನಝೀಹಾ ಬಟ್ಟೆ ಗಂಟು ಕಟ್ಟಲು ಶುರುಮಾಡಿದಳು.

ಗಂಟು ಕಟ್ಟುವಾಗ ಹಬ್ಬದ ತೊಗಲು ಸಿಕ್ಕಿತು, ತಮ್ಮ ಮನೆಯದು. ಧೂಳು ಕೊಡವೋಣವೆಂದು ಹೊರಗೆ ತಂದು, ಹದವಾಗಿದೆಯೋ ಎಂದು ಒಳಮೈ ಸವರಿ ನೋಡಿದಳು. ಮೂಲೆಯ ಮಡಿಕೆಯಲ್ಲಿ ಬಿಳಿ ಪೊರೆಯಂಥದ್ದು ಕೈಗೆ ಹತ್ತಿತು. ಜಾಲಾಡುವಾಗ ಉಳಿದ ಉಪ್ಪು. ಒರೆಸಿಕೊಳ್ಳುತ್ತ ಕಣ್ಣು ಮರದ ಬುಡಕ್ಕೆ ಹೋಯಿತು. ಅಲ್ಲೂ ಮಣ್ಣಿನ ಮೇಲೆ ಅಂಥದೇ ಬಿಳಿ. ಅದು ಎಷ್ಟೋ ದಿನದಿಂದ ಇತ್ತು. ಮಾವ ಅದನ್ನು ಸಿಮೆಂಟಿನ ಪುಡಿ ಎಂದಿದ್ದ, ಇವಳೂ ಹೌದೆಂದಿದ್ದಳು.

ನಝೀಹಾ ಕುಕ್ಕುರುಗಾಲಲ್ಲಿ ಕೂತು ಒಂದು ಚಿಟಿಕೆ ಕೆದಕಿ ನಾಲಿಗೆಗೆ ಇಟ್ಟಳು.

ಉಪ್ಪು.

ಎರಡನೆಯ ಮರ, ಮೂರನೆಯ ಮರ, ಎಲ್ಲದರ ಬುಡದಲ್ಲೂ ಅದೇ. ಓಣಿಯ ಅಷ್ಟೂ ತೊಗಲುಗಳ ಉಪ್ಪು, ಪಟಿಕ, ಎಲ್ಲವನ್ನೂ ತಾನೇ ಸಮ ಸಮ ಹಂಚಿ ಕುಡಿಸಿದ್ದಳು.

ಅಂಗಡಿಯೊಳಗೆ ಹೋಗಿ ಗಂಡನಿಗೆ ಹೇಳಿದಳು. ಅವನು ಬಾಣಲೆಯ ಕೆಳಗಿನ ಉರಿ ಆರಿಸಿ, ಪೂರ್ತಿ ಕೇಳಿದ.

"ಈಗಲೇ ಹೋಗಿ ಬಾಬಾಗೆ ಹೇಳ್ತೀನಿ," ಎಂದಳು.

"ಬೇಡ."

"ಬೇಡ ಅಂದ್ರೆ? ನಿನ್ನ ಮೇಲಿನ ಅಪವಾದ ಹೋಗುತ್ತಲ್ಲ!"

"ನನ್ನಪ್ಪ ನನ್ನನ್ನ ಅಂಥವನು ಅಂದ್ಕೊಂಡ್ನಲ್ಲ, ಅದು ಹೋಗುತ್ತಾ? ನಾನು ಬ್ಲೀಚು ಹಾಕಿದೆ ಅಂತ್ಲೇ ಇರ್ಲಿ. ಸಿಟ್ಟಿನ ಮೇಲಾದ್ರೂ ಎದ್ದು ಓಡಾಡ್ಕೊಂಡಿರ್ತಾನೆ. ನೀನೇ ಅಂತ ಗೊತ್ತಾದ್ರೆ ಅವನಿಗೆ ಈ ಮನೇಲಿ ಯಾರಿದಾರೆ?"

ಅವಳು ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಳು. ಮೂರನೆಯ ದಿನ ಸಾಮಾನಿನ ಗಾಡಿಯವನು ದರ ಮಾತಾಡಲು ಬಂದ. ರವೂಫ್ ಅಮ್ಮನ ಹಳೆಯ ಪೆಟ್ಟಿಗೆಯನ್ನು ಹೊರಗೆ ಎಳೆಯುತ್ತಿದ್ದ. ತಿಜಾನಿ ಮುಖ ಗೋಡೆಗೆ ತಿರುಗಿಸಿ ಕೂತಿದ್ದ. ನಝೀಹಾಳಿಗೆ ಇನ್ನು ತಡೆಯಲಾಗಲಿಲ್ಲ, ಮಾವನ ಮುಂದೆ ನೆಲದ ಮೇಲೆ ಕೂತು ಹೇಳಿಬಿಟ್ಟಳು. ತೊಗಲು, ಉಪ್ಪು, ತೊಟ್ಟಿ, ಎಲ್ಲ. "ರವೂಫ್ ಮರ ಮುಟ್ಟಿಲ್ಲ ಬಾಬಾ. ನಾನು. ಸೋಪಿರಲಿಲ್ಲ, ಎಣ್ಣೆ ಇರಲಿಲ್ಲ, ಅದಕ್ಕೇ ಹಾಕ್ದೆ. ನಿಮಗೆ ಸಂತೋಷವಾಗಲಿ ಅಂತ ಹಾಕ್ದೆ," ಎಂದು ಅತ್ತಳು.

ಮುದುಕ ಬೈಯಲಿಲ್ಲ. ಮುಖ ಅವಳ ಕಡೆ ತಿರುಗಿಸಿ ಕೇಳಿದ, "ನೀರು ನಿಂತಿತ್ತಾ, ಇಳೀತಾ?"

"ಹಾಕ್ತಿದ್ದ ಹಾಗೇ ಇಳೀತು ಬಾಬಾ. ಒಂದು ತೊಟ್ಟೂ ಆಚೆ ಹೋಗ್ಲಿಲ್ಲ. ನೀವು ಅಷ್ಟು ಚೆನ್ನಾಗಿ ಅಗೆದಿದ್ರಿ."

ಅಂದ ಮೇಲೆ ಅವಳಿಗೆ ತಾನೇನು ಅಂದೆ ಎಂಬುದು ಹೊಳೆಯಿತು. ತಿಜಾನಿ ತನ್ನ ಎರಡು ಅಂಗೈಗಳನ್ನು ನೋಡಿಕೊಂಡ.

"ಸಿಮೆಂಟು ಇದ್ದಿದ್ರೆ ಮೋರಿಗೆ ಹೋಗ್ತಿತ್ತು," ಎಂದ. "ಸೋಪು ಅಂದೆ, ಎಣ್ಣೆ ಅಂದೆ. ಉಪ್ಪು ಅನ್ನಲಿಲ್ಲ."

ಗಾಡಿಯವನನ್ನು ಕಳಿಸಿಬಿಟ್ಟರು. ಗಂಟುಗಳನ್ನು ನಝೀಹಾ ಬಿಚ್ಚಿದಳು. ಮರಗಳನ್ನು ಉಳಿಸಲು ಉಪ್ಪು ತೊಳೆದು ಹೋಗುವಷ್ಟು ಸಿಹಿನೀರು ಹಾಯಿಸಬೇಕೆಂದು ಕ್ಷೌರದವನು ಯಾರನ್ನೋ ಕೇಳಿಕೊಂಡು ಬಂದ. ಆ ಆಗಸ್ಟಿನಲ್ಲಿ ನಲ್ಲಿ ಹಗಲೂ ಬರುತ್ತಿರಲಿಲ್ಲ. ತಿಜಾನಿ ಒಂದು ಬೆಳಿಗ್ಗೆ ಮೂರೂ ಮರಗಳ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದ, ಎಲ್ಲೂ ಹಸಿರಿರಲಿಲ್ಲ. ನಗರಸಭೆಯವರು ಬಂದು ಕೊಯ್ದುಕೊಂಡು ಹೋದರು. ಕ್ಷೌರದವನು ಯಾರಿಗೂ ಹೇಳದೆ ತನ್ನ ಮರದ ಬುಡಕ್ಕೆ ಹಲಗೆ ಮುಚ್ಚಿ ಅದರ ಮೇಲೆ ಬೆಂಚು ಹಾಕಿದ.

ಮರುದಿನ ತಿಜಾನಿ ಮಗನ ಅಂಗಡಿಯ ಬಾಗಿಲಲ್ಲಿ ನಿಂತ.

"ಒಂದು ಮೂಟೆ ಸಿಮೆಂಟು ತಾ."

"ಯಾಕೆ ಬಾಬಾ? ಬೇರೆ ಸಸಿ ಇಡೋಣ. ಮಣ್ಣು ಬದಲಾಯಿಸಿ..."

"ಗುಂಡಿಗೆ ಮಕ್ಕಳು ಬೀಳ್ತಾರೆ. ತಾ."

ಸಿಮೆಂಟು ಬಂತು. ಮುದುಕ ತಾನೇ ಮರಳು ಬೆರೆಸಿ ಕಲಸಲು ಕೂತ. ರವೂಫ್ ಸ್ವಲ್ಪ ಹೊತ್ತು ನೋಡಿ, ಬಂದು ಕರಣೆ ತೆಗೆದುಕೊಂಡ. ಒಬ್ಬ ಸುರಿದ, ಒಬ್ಬ ಮಟ್ಟ ಮಾಡಿದ. ಅಡುಗೆಮನೆಯ ಕಿಟಕಿ ಬೀದಿಗೇ ಇತ್ತು, ನಝೀಹಾ ಅಲ್ಲಿ ನಿಂತು ಟೊಮೆಟೊ ತೊಳೆಯುತ್ತಿದ್ದಳು.

"ನೀರು ಸಾಕಾ?" ಎಂದು ರವೂಫ್ ಕೇಳಿದ.

"ಸಾಕು."

ಮೂರನೆಯ ಗುಂಡಿ ಮುಚ್ಚುವಾಗ ತಿಜಾನಿ ಎಂದ, "ನೀನೇ ಬ್ಲೀಚು ಹಾಕಿದ್ದಿದ್ರೆ ಚೆನ್ನಾಗಿತ್ತು ಕಣೋ ರವೂಫ್."

ರವೂಫ್ ಕರಣೆ ನಿಲ್ಲಿಸಲಿಲ್ಲ. "ಗೊತ್ತು ಬಾಬಾ," ಎಂದ.

ನಝೀಹಾ ಕಿಟಕಿಯಿಂದ ಹಿಂದೆ ಸರಿದಳು. ಕಾಲ ಬಳಿ ಮೂರು ಬಕೆಟ್ಟುಗಳು ತುಂಬಿ ನಿಂತಿದ್ದವು, ಅಭ್ಯಾಸಬಲದಿಂದ ತುಂಬಿದ್ದು. ಒಂದೊಂದನ್ನೇ ಎತ್ತಿ ಬಚ್ಚಲಿಗೆ ಸುರಿದಳು. ಮೋರಿ ಎಲ್ಲೋ ಕಟ್ಟಿಕೊಂಡಿತ್ತೋ ಏನೋ, ನೀರು ಬೇಗ ಇಳಿಯಲಿಲ್ಲ. ಅದು ಇಳಿಯುವವರೆಗೂ ಅವಳು ಅಲ್ಲೇ ನಿಂತಿದ್ದಳು.